ಮನೇರಿಗೆಲ್ಲ ಮುಟ್ತಾ?

ಸ್ವಲ್ಪ ತಾಳಿ. ಬೆರಳು ಮೇಲಕ್ಕೆ ಸರಿಸಿ ಮುಂದಿನದಕ್ಕೆ ಹೋಗಿಬಿಡಬೇಡಿ. ಒಂದು ಗಂಟಲು ನೋಡಿಕೊಂಡು ಹೋಗಿ.

ಉದ್ದನೆಯ ಸಣಕಲು ಕುತ್ತಿಗೆ, ಅದರ ನಡುವೆ ಗೋಲಿಯಂತೆ ಎದ್ದು ಕಾಣುವ ಗಂಟಲಮಣಿ. ಮಾತು ಹೊರಡುವ ಮುಂಚೆ ಅದು ನಿಧಾನವಾಗಿ ಮೇಲೇರಿ ಗಲ್ಲದ ಕೆಳಗೆ ಹೋಗಿ ನಿಲ್ಲುತ್ತಿತ್ತು. ಅಲ್ಲಿಂದ ಜಾರಿ ಇಳಿಯುವಾಗ ದನಿ ಬರುತ್ತಿತ್ತು. ಬಿರುಬೇಸಿಗೆಯಲ್ಲೂ ಆ ಕುತ್ತಿಗೆಗೆ ಒಂದು ಕಂದು ಬಣ್ಣದ ಮಫ್ಲರ್ ಸುತ್ತಿರುತ್ತಿತ್ತು. ಮೈಕ್ ಕೈಗೆ ಬಂದಾಗ ಮಾತ್ರ ಅದನ್ನು ಸಡಿಲಿಸುವುದು, ಮುಗಿದ ಕೂಡಲೇ ಮತ್ತೆ ಸುತ್ತಿಕೊಳ್ಳುವುದು.

ನಾವೆಲ್ಲ ಅವರನ್ನು ಮೈಕ್ ಮಾಮ ಎನ್ನುತ್ತಿದ್ದೆವು. ಅಜ್ಜಂಪುರದಲ್ಲಿ ನಮ್ಮದೇ ಬೀದಿ. ತಲೆಯ ಮೇಲೆ ಎರಡು ಸ್ಪೀಕರ್ ಕಟ್ಟಿದ ಹಳೆಯ ಆಟೊ ಅವರ ಜೀವನ. ನಾಳೆ ನೀರು ಬಿಡುವುದಿಲ್ಲ, ಎಮ್ಮೆ ಕಳೆದಿದೆ, ಸೀರೆ ಅಂಗಡಿಯಲ್ಲಿ ರಿಯಾಯಿತಿ, ಇಂಥವರು ತೀರಿಕೊಂಡರು, ಹೀಗೆ ಊರಿಗೆ ಏನೇ ಹೇಳಬೇಕಿದ್ದರೂ ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಮೈಕ್ ಹಿಡಿದು ಬೀದಿ ಬೀದಿ ಸುತ್ತುತ್ತಿದ್ದರು. ಶಿವನಿಯವರೂ ಕರೆಯುತ್ತಿದ್ದರು, ತರೀಕೆರೆಯವರೂ ಕರೆಯುತ್ತಿದ್ದರು. ಅವರು ಬದುಕಿದ್ದು ಒಬ್ಬರೇ. ಬೆಳಗ್ಗೆ ಬೀಗ ಹಾಕಿಕೊಂಡು ಹೋಗಿ, ಸಂಜೆ ತಾವೇ ಬೀಗ ತೆಗೆಯುವ ಮನೆ.

ನಾನು ಅವರ ಹಿಂದೆ ಬಿದ್ದದ್ದು ಪಿಯುಸಿ ಓದುವಾಗ. ಆಗ ನನಗೆ ವಿಡಿಯೊ ಹುಚ್ಚು ಹೊಸದಾಗಿ ಹತ್ತಿತ್ತು. ಎಡಿಟಿಂಗ್ ಯಾರೂ ಹೇಳಿಕೊಟ್ಟದ್ದಲ್ಲ. ಅಮ್ಮನ ಒಡಕು ಫೋನಿನಲ್ಲಿ ಕತ್ತರಿಸಿ, ಅಂಟಿಸಿ, ಕೆಡಿಸಿ, ಮತ್ತೆ ಮಾಡಿ ಕಲಿತದ್ದು. ಊರಿನ ಸದ್ದುಗಳನ್ನೆಲ್ಲ ಹಿಡಿದು ಹಾಕಬೇಕು ಎಂದು ಹೊರಟೆ. ಮೊದಲು ನೆನಪಾದದ್ದೇ ಮಾಮನ ದನಿ.

"ಮಾಮ, ಕೂಗೋದನ್ನ ರೆಕಾರ್ಡ್ ಮಾಡ್ಕೊಳ್ಲಾ?"

"ಯಾರಿಗ್ ಕೇಳ್ಸಕ್ಕಮ್ಮ?"

"ಎಲ್ರಿಗೂ."

"ಎಲ್ರಿಗೂ ಅಂದ್ರೆ ಯಾರು? ನಾನು ಕೂಗೋದು ಈ ಬೀದಿಗೆ. ಬೀದಿ ಮುಗೀತು ಅಂದ್ರೆ ಮೈಕ್ ಆಫು. ನಿಂದ್ ಬೀದಿ ಎಲ್ಲಿ ಮುಗೀತದೆ ಹೇಳು, ಆಮೇಲ್ ನೋಡನ."

ನಾನು ಪೆಚ್ಚಾಗಿ ನಿಂತದ್ದನ್ನು ನೋಡಿ ಅವರಿಗೇ ಪಾಪ ಅನಿಸಿರಬೇಕು. "ಹತ್ತು, ಹಿಂದ್ಗಡೆ ಕೂತ್ಕೊ. ಹಿಡ್ಕೊ. ಇಟ್ಕೊ. ಯಾರ್ಗಾರ ಹಾಕೋ ಮುಂಚೆ ನನ್ನ ಕೇಳು" ಎಂದರು. ಅವತ್ತಿನಿಂದ ರಜೆ ಬಂದರೆ ನಾನು ಆ ಆಟೊದ ಹಿಂದಿನ ಸೀಟಿನಲ್ಲಿ.

ಅಲ್ಲಿ ಕೂತ ಮೇಲೆ ಗೊತ್ತಾಯಿತು, ಮಾಮ ಕೂಗುವುದಕ್ಕಿಂತ ನಿಲ್ಲಿಸುವುದರಲ್ಲಿ ಗಟ್ಟಿಗರು. ಆಟೊ ಓಡುತ್ತಿದ್ದಂತೆ ಅವರ ಹೆಬ್ಬೆರಳು ಮೈಕಿನ ಗುಂಡಿಯ ಮೇಲೆ ಆಡುತ್ತಿತ್ತು. ಒಂದು ಮನೆ ಬಂದಾಗ ಟಕ್, ಸದ್ದಿಲ್ಲ. ಅದನ್ನು ದಾಟಿದ ಮೇಲೆ ಮತ್ತೆ ಟಕ್. ಬಾಣಂತಿ ಇರುವ ಮನೆ, ಕಾಯಿಲೆಯವರ ಮನೆ ಸರಿ. ಆದರೆ ಸೀರೆ ರಿಯಾಯಿತಿ ಕೂಗುವಾಗ ಒಂದು ಹಸಿರು ಬಾಗಿಲಿನ ಮನೆಯ ಮುಂದೆ ಯಾಕೆ ಆಫ್ ಮಾಡಿದರು? ಕೇಳಿದೆ.

"ಆ ಮನೆ ಹುಡ್ಗಿ ಮದ್ವೆ ಮುರಿದೈತೆ ಕಣಮ್ಮ. ಮದ್ವೆ ಸೀರೆ ಮದ್ವೆ ಸೀರೆ ಅಂತ ಅವಳ ಕಿಟಕೀಲಿ ಹೋಗಿ ಅರಚಲಾ?"

ಸಾವಿನ ಸುದ್ದಿಗೆ ಇನ್ನೊಂದು ಕಟ್ಟಳೆ. ಯಾರೇ ಬಂದು, ನಮ್ಮ ಅಜ್ಜ ಹೋದರು, ಕೂಗಿಬಿಡಿ ಎಂದರೂ ಮಾಮ ಮಫ್ಲರ್ ಸಡಿಲಿಸುತ್ತಿರಲಿಲ್ಲ. ಮೊದಲು ಒಂದೇ ಪ್ರಶ್ನೆ: "ಮನೇರಿಗೆಲ್ಲ ಮುಟ್ತಾ?" ಮಗಳು ಕಡೂರಿನಲ್ಲಿದ್ದಾಳೆ, ಇನ್ನೂ ಬಸ್ಸಿನಲ್ಲಿದ್ದಾಳೆ ಎಂದರೆ ಮಾಮ ಆಟೊ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಮಗಳು ಬಂದು, ಹೊಸಿಲು ದಾಟಿ, ಒಳಗಿನಿಂದ ಅಳು ಕೇಳಿದ ಮೇಲೆ ಆಟೊ ಹೊರಡುತ್ತಿತ್ತು. "ಮನೇರಿಗೆ ಮುಟ್ಟಿದ್ ಮೇಲೆ ಬೀದಿಗೆ. ಬೀದೀಲಿ ಕೇಳಿ ಮನೇರಿಗೆ ಗೊತ್ತಾಗ್ಬಾರ್ದು" ಎನ್ನುತ್ತಿದ್ದರು. ಮನೆಯವರಿಗೆ ತಾವೇ ಹೇಳಬೇಕಾಗಿ ಬಂದರೆ ಫೋನ್ ಮಾಡುತ್ತಿರಲಿಲ್ಲ. ಹೋಗಿ, ಅವರ ಪಕ್ಕ ಕೂತು, ಆಮೇಲೆ ಹೇಳುವುದು. ನಿಂತುಕೊಂಡು ಹೇಳುವುದು ಪೋಸ್ಟ್ ಕೊಟ್ಟಂಗೆ ಆಗುತ್ತದಂತೆ.

ನನಗೂ ಒಮ್ಮೆ ಮೈಕ್ ಕೊಟ್ಟರು. ಎಮ್ಮೆ ಕಳೆದ ಸುದ್ದಿ. ಒಂದೇ ಉಸಿರಿಗೆ ಓದಿ ಮುಗಿಸಿದೆ.

"ಎಮ್ಮೆಗಿಂತ ಜೋರಾಗಿ ಓಡ್ತಾ ಇದೀಯಲ್ಲೇ!" ಎಂದು ನಕ್ಕರು. ಆಮೇಲೆ ಹೇಳಿದರು, "ಹೆಸ್ರು ಹೇಳೋ ಮುಂಚೆ ಒಂದು ಉಸಿರು ಬಿಡು. ಕೇಳೋರು ಎದೆ ಗಟ್ಟಿ ಮಾಡ್ಕೊಳಕ್ಕೆ."

ಇಷ್ಟು ಎಚ್ಚರಿಕೆಯ ಮನುಷ್ಯ ಒಂದು ಸಂಜೆ ಮೈಕ್ ಆಫ್ ಮಾಡುವುದನ್ನು ಮರೆತರು.

ತರೀಕೆರೆಯಿಂದ ದಣಿದು ಬಂದಿದ್ದರು. ಆಟೊ ಮನೆ ಬಾಗಿಲಿಗೆ ತಾಗಿಕೊಂಡೇ ನಿಂತಿತು, ಮೈಕ್ ಇನ್ನೂ ಕೈಯಲ್ಲೇ ಇತ್ತು. ಬೀಗ ತೆಗೆದ ಸದ್ದು, ಬಾಗಿಲು ಕಿರ್ರೆಂದ ಸದ್ದು, ಎಲ್ಲ ಎರಡು ಸ್ಪೀಕರಿನಲ್ಲಿ ಬೀದಿಗೆಲ್ಲ ಕೇಳಿತು. ಆಮೇಲೆ ಅವರ ದನಿ. ನಾವು ಯಾವತ್ತೂ ಕೇಳಿರದಷ್ಟು ಮೆತ್ತನೆಯ ದನಿ.

"ಏ, ಬಂದೆ ಕಣೇ."

ಖಾಲಿ ಮನೆ. ಒಳಗೆ ಯಾರೂ ಇಲ್ಲ ಎಂದು ಬೀದಿಗೆಲ್ಲ ಗೊತ್ತು.

ಮೊದಲು ನಕ್ಕದ್ದು ಮೂಲೆಯ ಔಷಧಿ ಅಂಗಡಿಯ ಮೆಡಿಕಲ್ ಅಣ್ಣ. "ಯಾರನ್ನ ಬಚ್ಚಿಟ್ಟಿದೀರಾ ಮಾಮ, ನಮ್ಗೂ ತೋರ್ಸಿ!" ಎಂದು ಕೂಗಿದ. ಅವನು ಕೆಟ್ಟವನಲ್ಲ, ಬಾಯಿ ಸುಮ್ಮನಿರುವುದಿಲ್ಲ ಅಷ್ಟೇ. ಯಾರೋ ಅದನ್ನು ಫೋನಿನಲ್ಲಿ ಹಿಡಿದಿದ್ದರು. ವಾರ ಕಳೆಯುವುದರೊಳಗೆ ಅರ್ಧ ಊರಿನ ಹುಡುಗರ ರಿಂಗ್‌ಟೋನ್ "ಏ, ಬಂದೆ ಕಣೇ" ಆಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಯಾರದೋ ಜೇಬಿನಿಂದ ತಮ್ಮದೇ ದನಿ ಕೇಳಿದಾಗ ಮಾಮ ಬೈಯಲಿಲ್ಲ. ಮಫ್ಲರನ್ನು ಇನ್ನೊಂದು ಸುತ್ತು ಬಿಗಿದುಕೊಂಡರು. ನನಗೆ ಮಾತ್ರ ಹೇಳಿದರು: "ಅದು ಬೀದಿಗೆ ಅಂತ ಹೇಳಿದ್ದಲ್ಲ ಕಣಮ್ಮ."

ಯಾರಿಗೆ ಹೇಳಿದ್ದು ಎಂದು ನಾನು ಕೇಳಲಿಲ್ಲ.

ಅಷ್ಟರಲ್ಲಿ ಫೋನಿನಲ್ಲಿ ಬೀದಿಯ ಗ್ರೂಪ್ ಹುಟ್ಟಿತು. ಮೆಡಿಕಲ್ ಅಣ್ಣನೇ ಅಡ್ಮಿನ್. ನೀರು, ಕರೆಂಟು, ಎಮ್ಮೆ, ರಿಯಾಯಿತಿ ಎಲ್ಲ ಅಲ್ಲಿಗೇ ಬರತೊಡಗಿದವು. ನಾನೂ ಅದರಲ್ಲಿ ಪೋಸ್ಟರ್ ಮಾಡಿ ಹಾಕಿದೆ, ಜನ ಮೆಚ್ಚಿದರು, ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಮಾಮನ ಆಟೊ ಮನೆ ಮುಂದೆ ನಿಲ್ಲುವ ದಿನಗಳು ಹೆಚ್ಚಾದವು. ಸ್ಪೀಕರಿನೊಳಗೆ ಗುಬ್ಬಿ ಹುಲ್ಲು ತಂದು ಹಾಕಿತು. ಮಾಮ ಅದನ್ನು ತೆಗೆಯಲಿಲ್ಲ. "ಇವಾಗ ಅದ್ರದ್ದೇ ಅನೌನ್ಸ್‌ಮೆಂಟು" ಎಂದರು.

ಒಂದು ದಿನ ಹಿಂದಿನ ಬೀದಿಯ ಮೇಷ್ಟರು ತೀರಿಕೊಂಡರು. ಅರ್ಧ ಗಂಟೆಯೊಳಗೆ ಗ್ರೂಪಿನಲ್ಲಿ ಹಾರ ಹಾಕಿದ ಫೋಟೊ, ಸಾಲು ಸಾಲು ಕೈಮುಗಿದ ಚಿತ್ರಗಳು. ಅವರ ಮಗಳು ಆಗ ರೈಲಿನಲ್ಲಿದ್ದಳು, ಅಪ್ಪನಿಗೆ ಹುಷಾರಿಲ್ಲ ಎಂದಷ್ಟೇ ತಿಳಿದು ಬರುತ್ತಿದ್ದಳು. ಬೀರೂರು ದಾಟುವಾಗ ಫೋನ್ ನೋಡಿದ್ದಾಳೆ. ಅಜ್ಜಂಪುರದಲ್ಲಿ ಇಳಿಯಬೇಕಾದವಳು ಇಳಿಯುವುದನ್ನೇ ಮರೆತು ಮುಂದಿನ ಸ್ಟೇಷನ್ನಿಗೆ ಹೋಗಿಬಿಟ್ಟಳಂತೆ. ಅಷ್ಟು ಜನರಿದ್ದ ಬೋಗಿಯಲ್ಲಿ ಒಬ್ಬಳೇ ಕೂತು ಆ ಫೋಟೊ ನೋಡಿದವಳು.

ಅವಳನ್ನು ಕರೆತರಲು ಹೋದದ್ದು ಮಾಮನ ಆಟೊ. ಮೈಕ್ ಬಿಚ್ಚಿಟ್ಟು ಹೋಗಿದ್ದರು. ವಾಪಸು ಬಂದವರು ಔಷಧಿ ಅಂಗಡಿಯ ಮುಂದೆ ನಿಂತು, "ಏನಪ್ಪಾ, ಮನೇರಿಗೆಲ್ಲ ಮುಟ್ತಾ ಅಂತ ಒಂದ್ ಮಾತು ಕೇಳೋಕಾಗಲಿಲ್ವಾ?" ಎಂದರು.

"ಮಾಮ, ನಾನ್ ಹಾಕ್ದಿದ್ರೆ ಇನ್ಯಾರೋ ಹಾಕೋರು. ಫಾಸ್ಟ್ ಇದೆ ಕಾಲ."

"ಫಾಸ್ಟ್ ಇರ್ಲಿ. ಬ್ರೇಕ್ ಇಲ್ವಾ?"

ಅಣ್ಣ ಮಾತ್ರೆ ಎಣಿಸುತ್ತ ಕೂತ.

ಆಮೇಲೆ ಮಾಮನ ಗಂಟಲು ಕೆಟ್ಟಿತು. ಮೊದಲು ಗೊಗ್ಗರು, ಆಮೇಲೆ ನೋವು, ಆಮೇಲೆ ದೊಡ್ಡಾಸ್ಪತ್ರೆ, ಆಪರೇಷನ್. ಮನೆಗೆ ಬಂದಾಗ ಮಫ್ಲರ್ ಇತ್ತು, ದನಿ ಇರಲಿಲ್ಲ. ನಾನು ಫೋನಿನಲ್ಲಿ ಕನ್ನಡ ಟೈಪ್ ಮಾಡುವುದು ಹೇಳಿಕೊಟ್ಟೆ. ಬೇಗ ಕಲಿತರು. ಆದರೆ ಬರೆಯುವುದು ಮಾತ್ರ ಮೈಕಿನ ಕನ್ನಡವೇ. ನನ್ನೊಬ್ಬಳಿಗೆ ಬರುವ ಮೆಸೇಜು ಹೀಗಿರುತ್ತಿತ್ತು: "ಆತ್ಮೀಯ ಬಂಧುಗಳೇ, ಮನೆಯಲ್ಲಿ ಸಕ್ಕರೆ ಮುಗಿದಿರುತ್ತದೆ. ಅಂಗಡಿಗೆ ಹೋಗುವವರು ತರತಕ್ಕದ್ದು." ನಾನು ನಕ್ಕು ನಕ್ಕು ಸಾಕಾಗಿ ಸಕ್ಕರೆ ಒಯ್ದರೆ, ಆ ಮನೆಯ ಮೌನಕ್ಕೆ ನಗು ಅಲ್ಲೇ ನಿಲ್ಲುತ್ತಿತ್ತು. ಮಾಮ ಎದ್ದು ಬಂದು ಬಾಗಿಲು ತೆರೆಯುವುದು, ನಾನು ಮಾತಾಡುವುದು, ಅವರು ಟೈಪ್ ಮಾಡುವುದು. ನಾನು ಹೊರಟ ಮೇಲೆ ಅದೂ ಇಲ್ಲ.

ಆಗ ನನಗೊಂದು ಉಪಾಯ ಹೊಳೆಯಿತು. ಯಾರದಾದರೂ ಹಳೆಯ ರೆಕಾರ್ಡಿಂಗ್ ಕೊಟ್ಟರೆ ಅವರ ದನಿಯನ್ನೇ ಕಲಿತು, ನಾವು ಟೈಪ್ ಮಾಡಿದ್ದನ್ನು ಓದುವ ಆ್ಯಪ್ ಬಂದಿದೆಯಲ್ಲ! ನನ್ನ ಬಳಿ ಮಾಮನ ದನಿ ಎಷ್ಟು ಬೇಕೋ ಅಷ್ಟಿತ್ತು. ಕೇಳಿದೆ. ತಲೆಯಾಡಿಸಿದರು. ಕೂತು ಕೂತು ಮಾಡಿದೆ.

ಅವರ ಮುಂದೆ ಫೋನ್ ಇಟ್ಟು ಒತ್ತಿದೆ. "ಆತ್ಮೀಯ ಬಂಧುಗಳೇ" ಎಂದಿತು. ಅದೇ ದನಿ, ಅದೇ ಏರಿಳಿತ. ಮಾಮ ಮಫ್ಲರ್ ಸಡಿಲಿಸಿ ಅಲ್ಲಾಡದೆ ಕೂತರು. ಗಂಟಲಮಣಿ ಮಾತ್ರ ಮೇಲೇರಿ ಗಲ್ಲದ ಕೆಳಗೆ ನಿಂತಿತು. ಇಳಿಯಲಿಲ್ಲ.

ವಿಷಯ ತಿಳಿದು ಮೆಡಿಕಲ್ ಅಣ್ಣ ಓಡಿಬಂದ. ಅವನೂ ಕೇಳಿ ಬೆರಗಾದ. "ಭಾರಿ ಆಯ್ತಲ್ಲ! ಇನ್ಮೇಲೆ ಮಾಮನ್ನ ಕರೆಯೋ ಹಂಗೇ ಇಲ್ಲ. ಟೈಪ್ ಮಾಡಿದ್ರೆ ಮುಗೀತು. ಅಂಗಡಿ ಜಾಹೀರಾತೆಲ್ಲ ಮಾಮನ ದನೀಲೇ ಮಾಡ್ಬೋದು!" ಅವನು ಹೊಗಳುತ್ತಲೇ ಇದ್ದ. ಮಾಮ ಕಿಟಕಿಯ ಆಚೆ ತಮ್ಮ ಆಟೊ ನೋಡುತ್ತಿದ್ದರು.

ಅಣ್ಣ ಹೋದ ಮೇಲೆ ಮಾಮ ಫೋನ್ ತೆಗೆದುಕೊಂಡು ಏನೋ ಟೈಪ್ ಮಾಡಿದರು. ಈ ಸಲ ಬಂಧುಗಳೇ ಇರಲಿಲ್ಲ. ಒತ್ತಿದರು.

"ಊಟ ಆಯ್ತೇನೇ?"

ಅಷ್ಟೇ. ಅದನ್ನು ತಮ್ಮ ಫೋನಿಗೆ ಹಾಕಿಕೊಡು ಎಂದು ಸನ್ನೆ ಮಾಡಿದರು, ಹಾಕಿಕೊಟ್ಟೆ. ಒಂದು ನಂಬರಿಗೆ ಕಳಿಸಿದರು. ಮುಟ್ಟಿತು ಎನ್ನುವ ಎರಡು ಗೆರೆ ಬಿತ್ತು. ಆ ಗೆರೆಗಳನ್ನೇ ನೋಡುತ್ತ ಕೂತರು, ಬೀದಿಯ ಕೊನೆಯಲ್ಲಿ ಬಸ್ಸಿಗೆ ಕಾಯುವವರ ಹಾಗೆ. ಗೆರೆ ನೀಲಿಯಾಗುವ ಮುಂಚೆ ಅವರ ಹೆಬ್ಬೆರಳು ಆಡಿತು. ಅಳಿಸಿಬಿಟ್ಟರು, ಆ ಕಡೆಯೂ ಕಾಣದ ಹಾಗೆ.

"ಯಾರಿಗೆ ಮಾಮ?"

ಬಹಳ ಹೊತ್ತು ಟೈಪ್ ಮಾಡಿದರು. "ಮನೆಯವರು. ದೇವನೂರಿನಲ್ಲಿ ಅವರ ಅಣ್ಣನ ಮನೆಯಲ್ಲಿದ್ದಾರೆ, ಶಾಲೆಯ ಹಿಂದೆ. ನಾನು ಈ ಬೀದಿಗೆ ಬರುವುದಕ್ಕೂ ಮುಂಚೆ ಅಲ್ಲಿಗೆ ಹೋದರು, ಬಹಳ ವರ್ಷವಾಯಿತು. ಇದು ಬೀದಿಗಲ್ಲ."

ಅದರ ಹಿಂದೆಯೇ ಇನ್ನೊಂದು ಬಂತು. "ಆತ್ಮೀಯ ಬಂಧುಗಳೇ, ಸದರಿ ದನಿಯನ್ನು ಪೂರ್ತಿ ಅಳಿಸತಕ್ಕದ್ದು."

"ಯಾಕೆ ಮಾಮ? ನಿಮ್ದೇ ದನಿ ಅಲ್ವಾ? ಎಷ್ಟ್ ಚೆನ್ನಾಗ್ ಬಂದಿದೆ!" ನನಗೆ ಅಳು ಬರುವಷ್ಟಾಯಿತು.

ಅವರು ಬರೆದರು: "ಚೆನ್ನಾಗಿದೆ. ಆದರೆ ಯಾವ ಮನೆ ಮುಂದೆ ನಿಲ್ಲಿಸಬೇಕು ಅಂತ ಅದಕ್ಕೆ ಗೊತ್ತಿಲ್ಲ."

ಅವರ ಮುಂದೆಯೇ ಎಲ್ಲ ಅಳಿಸಿದೆ, ಹಳೆಯ ರೆಕಾರ್ಡಿಂಗ್‌ಗಳನ್ನೂ. ಅಳಿಸಿದ್ದಕ್ಕೆ ಒಳ್ಳೆಯದೆನಿಸಲಿಲ್ಲ. ಆದರೂ ಅಳಿಸಿದೆ.

ದಿನಾ ಬೆಳಗ್ಗೆ ಅವರಿಂದ "ಆತ್ಮೀಯ ಬಂಧುಗಳೇ, ಶುಭೋದಯ" ಬರುತ್ತಿತ್ತು. ಒಂದು ಬೆಳಗ್ಗೆ ಬರಲಿಲ್ಲ. ಅಮ್ಮ "ಹೋಗಿ ನೋಡ್ಕಂಡ್ ಬಾರೇ" ಎಂದಳು. ಬಾಗಿಲು ಒಳಗಿನಿಂದ ಹಾಕಿತ್ತು. ಬೀದಿಯವರು ಸೇರಿ ತೆಗೆದರು. ಮಾಮ ಮಲಗಿದಲ್ಲೇ ಹೋಗಿದ್ದರು. ಮಫ್ಲರ್ ಮಡಿಸಿ ದಿಂಬಿನ ಪಕ್ಕ ಇತ್ತು. ಆ ಕುತ್ತಿಗೆ ಪೂರ್ತಿ ಬರಿದಾಗಿದ್ದುದನ್ನು ನಾನು ನೋಡಿದ್ದು ಅದೇ ಮೊದಲು.

ನಾನು ಹೊರಗೆ ಬಂದಾಗ ಮೆಡಿಕಲ್ ಅಣ್ಣ ಕಣ್ಣೊರೆಸುತ್ತ ಫೋನ್ ಹಿಡಿದಿದ್ದ. ಹಾರ ಹಾಕಿದ ಫೋಟೊ ತಯಾರಾಗಿತ್ತು. ಬೆರಳು ಇಡುವುದಷ್ಟೇ ಬಾಕಿ.

"ಅಣ್ಣ, ತಾಳಿ. ಮನೇರಿಗೆ ಮುಟ್ಟಿಲ್ಲ."

"ಯಾವ ಮನೇರು? ಒಬ್ಬಂಟಿ ಮನುಷ್ಯ ಕಣಮ್ಮ."

"ಒಬ್ರಿದಾರೆ."

"ಯಾರೇ ಅದು?"

"ಅದು ಬೀದಿಗಲ್ಲ ಅಣ್ಣ."

ಅವನು ನನ್ನ ಮುಖ ನೋಡಿದ. ಆ ರೈಲಿನ ಹುಡುಗಿ ನೆನಪಾದಳೋ, ಆ ರಿಂಗ್‌ಟೋನ್ ನೆನಪಾಯಿತೋ, ಗೊತ್ತಿಲ್ಲ. ಫೋನಿನಲ್ಲಿ ಏನೋ ಒತ್ತಿದ. "ಗ್ರೂಪ್ ಮುಚ್ಚಿದೀನಿ. ನನ್ ಬಿಟ್ರೆ ಯಾರೂ ಹಾಕಕ್ಕಾಗಲ್ಲ. ಆದ್ರೆ ಜನ ಸ್ಟೇಟಸ್ ಹಾಕೋದನ್ನ ನಾನು ಹಿಡಿಯಕ್ಕಾಗಲ್ಲ. ಬೇಗ ಹೋಗು."

ಸ್ಕೂಟರ್ ತೆಗೆದೆ. ಬೀರೂರಿನಲ್ಲಿ ಪೆಟ್ರೋಲಿಗೆ ನಿಂತಾಗ ಫೋನ್ ನೋಡಿದರೆ, ಯಾರೋ ಆಗಲೇ ಮಾಮನ ಖಾಲಿ ಆಟೊದ ಫೋಟೊ ಹಾಕಿ ಮುರಿದ ಹೃದಯದ ಚಿತ್ರ ಇಟ್ಟಿದ್ದರು. ಹೆಸರಿರಲಿಲ್ಲ. ಹೆಸರು ಯಾಕೆ ಬೇಕು, ಆ ಸ್ಪೀಕರ್‌ಗಳನ್ನು ಯಾರು ಗುರುತಿಸುವುದಿಲ್ಲ? ಆಮೇಲೆ ಕಡೂರು ದಾಟಿದ್ದು ನೆನಪಿಲ್ಲ. ಎರಡೂ ಕಡೆ ತೆಂಗಿನ ತೋಟಗಳು ಹಿಂದಕ್ಕೆ ಓಡುತ್ತಿದ್ದವು. ಒಂದು ಫೋಟೊ ಕ್ಷಣದಲ್ಲಿ ಮುಟ್ಟುವ ಜಾಗಕ್ಕೆ ನಾನು ಗಾಳಿ ಸೀಳಿಕೊಂಡು ಹೋಗುತ್ತಿದ್ದೆ. ನನಗಿಂತ ಮುಂಚೆ ಅದು ತಲುಪಿದರೆ ಮಾಮನ ಇಡೀ ಜೀವನದ ಕಟ್ಟಳೆ ಅವರದೇ ಮನೆಯಲ್ಲಿ ಮುರಿದಂತೆ.

ಶಾಲೆಯ ಹಿಂದಿನ ಮನೆ. ಜಗುಲಿಯಲ್ಲಿ ಒಬ್ಬರು ಮೊರದಲ್ಲಿ ಹುರುಳಿ ಕೇರುತ್ತಿದ್ದರು. ತೆಳ್ಳಗಿನ ಹೆಂಗಸು, ಅರ್ಧ ನರೆತ ಕೂದಲು.

"ಯಾರಮ್ಮ?"

"ಅಜ್ಜಂಪುರದಿಂದ, ಅತ್ತೆ." ಮಾಮನ ಹೆಂಡತಿ ಅಂದಮೇಲೆ ಅತ್ತೆಯೇ ಅಲ್ಲವೇ? ಬಾಯಿಗೆ ತಾನಾಗಿ ಬಂತು. ಅವರ ಕೈಯ ಮೊರ ನಿಂತಿತು.

ಒಳಗೆಲ್ಲೋ ಫೋನ್ ಟಣ್ ಎಂದಿತು. ಅವರು ಏಳಲು ಹೋದರು. ನಾನು ಕೈ ಹಿಡಿದುಕೊಂಡೆ. ಪಕ್ಕದಲ್ಲಿ ಕೂತೆ. ಒಂದು ಉಸಿರು ಬಿಟ್ಟೆ. ಆಮೇಲೆ ಹೇಳಿದೆ.

ಅವರು ಅಳಲಿಲ್ಲ. ಹುರುಳಿಯನ್ನು ಬೆರಳಲ್ಲಿ ಆಚೀಚೆ ಸರಿಸಿದರು. "ಊರಿಗೆಲ್ಲ ಮಾತು ಇತ್ತು ಅವರ್ಗೆ. ಮನೆಗ್ ಬಂದ್ರೆ, ಗಂಟ್ಲು ಉಳಿಸ್ಬೇಕು ಅಂತ ಸುಮ್ಕೆ ಕೂರೋರು. ನಾಲ್ಕ್ ಗೋಡೆ ಮಧ್ಯೆ ಎಷ್ಟು ದಿನ ನಾನೊಬ್ಳೇ ಮಾತಾಡ್ಲಿ? ಬಂದ್ಬಿಟ್ಟೆ" ಎಂದರು.

ಆಮೇಲೆ ನನ್ನ ಕಡೆ ತಿರುಗಿದರು. "ಒಂದಿನ ಅವರ ನಂಬರಿಂದ ಏನೋ ಬಂದಿತ್ತು. ಕೈ ಒರೆಸ್ಕಂಡು ತೆಗೆಯೋ ಅಷ್ಟೊತ್ಗೆ ಅಳಿಸ್ಬಿಟ್ಟಿದ್ರು. ಅವತ್ತಿಂದ ನೋಡ್ತಾನೇ ಇದೀನಿ, ಅಳಿಸಲಾಗಿದೆ ಅಂತಾನೇ ಅದೆ. ಏನಿತ್ತಮ್ಮ ಅದ್ರಲ್ಲಿ? ನಿಂಗ್ ಗೊತ್ತಾ?"

ಜಗತ್ತಿನಲ್ಲಿ ಅದು ಗೊತ್ತಿದ್ದದ್ದು ನನಗೊಬ್ಬಳಿಗೇ.

"ಗೊತ್ತು ಅತ್ತೆ. ಆದ್ರೆ ದನಿ ಮಿಷಿನ್‌ದು. ಅವರ ಗಂಟ್ಲು ಹೋಗಿತ್ತು. ಮಾತು ಮಾತ್ರ ಅವರ್ದೇ."

"ನಿನ್ ಹತ್ರ ಇದ್ಯಾ?"

"ಇಲ್ಲ. ಅಳಿಸು ಅಂದ್ರು, ಅಳಿಸ್ಬಿಟ್ಟೆ."

"ಹೇಳ್ದಂಗ್ ಮಾಡಿದೀಯ ಬಿಡು" ಎಂದರು. ಮೊರದ ಅಂಚು ಹಿಡಿದುಕೊಂಡು, "ನೀನೇ ಹೇಳು" ಎಂದರು.

ಹೇಗೋ ಹೇಳಿದೆ. "ಊಟ ಆಯ್ತೇನೇ?"

ಅತ್ತೆ ಮೊರವನ್ನು ಕೆಳಗಿಟ್ಟರು. ನನ್ನನ್ನು ನೋಡದೆ, ರಸ್ತೆಯ ಕಡೆ ನೋಡುತ್ತ, "ಇನ್ನೂ ಇಲ್ಲ" ಎಂದರು.

ಆಮೇಲೆ ಅತ್ತರು.

ನಾನು ಎದ್ದು ಅಂಗಳದ ಆಚೆ ಹೋಗಿ ಮೆಡಿಕಲ್ ಅಣ್ಣನಿಗೆ ಫೋನ್ ಮಾಡಿದೆ. "ಮನೇರಿಗೆ ಮುಟ್ತು ಅಣ್ಣ."

ಅವನು ಫೋಟೊ ಹಾಕಲಿಲ್ಲ. ನಾನು ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಊರು ಮುಟ್ಟುವಷ್ಟರಲ್ಲಿ ಆಟೊ ಒರೆಸಿ, ಬ್ಯಾಟರಿ ಹಾಕಿ, ಸ್ಪೀಕರಿನೊಳಗಿನ ಗುಬ್ಬಿಯ ಹುಲ್ಲನ್ನು ಜೋಪಾನವಾಗಿ ಸೂರಿನ ಸಂದಿಯಲ್ಲಿಟ್ಟು ಕಾಯುತ್ತಿದ್ದ. "ನಾನ್ ಓಡಿಸ್ತೀನಿ. ನೀನು ಕೂಗು" ಎಂದ.

ಅವತ್ತು ಮಧ್ಯಾಹ್ನ ನಮ್ಮೂರಿನಲ್ಲಿ ಮೊದಲ ಸಲ ಹೆಣ್ಣು ದನಿಯಲ್ಲಿ ಸಾವಿನ ಸುದ್ದಿ ಹೋಯಿತು. ಆ ಮಾತನ್ನು ಮಾಮನ ದನಿಯಲ್ಲೇ ಹೇಳಿಸಬಹುದಿತ್ತು, ಅವರು ಬೇಡ ಎನ್ನದೆ ಹೋಗಿದ್ದರೆ. ನಡುಗುವ ನನ್ನ ದನಿಯೇ ಇರಲಿ ಅನಿಸಿತು. ಜನ ಬಾಗಿಲಿಗೆ ಬಂದು ನಿಂತರು. "ಆತ್ಮೀಯ ಬಂಧುಗಳೇ" ಎಂದೆ. ಹೆಸರಿಗೆ ಮುಂಚೆ ಒಂದು ಉಸಿರು ಬಿಟ್ಟೆ. ಬಾಣಂತಿಯ ಮನೆಯ ಮುಂದೆ ಟಕ್. ಮೇಷ್ಟರ ಮನೆಯ ಮುಂದೆ ಟಕ್. ನಮ್ಮ ಬೀದಿಗೆ ತಿರುಗಿದಾಗ, ಮಾಮನ ಮನೆಯ ಬಾಗಿಲು ತೆರೆದಿತ್ತು. ಒಳಗೆ ಅತ್ತೆ ಅವರ ಪಕ್ಕ ಕೂತಿದ್ದರು.

ಮೈಕ್ ಆಫ್ ಮಾಡಿದೆ. ಅಣ್ಣ ಎಂಜಿನ್ನನ್ನೂ ಆಫ್ ಮಾಡಿದ. ಇಬ್ಬರೂ ಇಳಿದು, ಆ ಮನೆಯ ಮುಂದೆ ಆಟೊವನ್ನು ಸದ್ದಿಲ್ಲದೆ ತಳ್ಳಿಕೊಂಡು ಹೋದೆವು.

ಆ ಉಸಿರಿನ ನಂತರ ನಾನು ಹೇಳಿದ ಹೆಸರು ನಮ್ಮ ಬೀದಿಗೆ ಗೊತ್ತು. ಇಲ್ಲಿ ಬರೆಯುವುದಿಲ್ಲ, ಇದು ಅವರ ಬೀದಿಯಲ್ಲ. ಇದನ್ನು ನಿಮ್ಮ ಮುಂದೆ ಇಡುವ ಮುಂಚೆ ದೇವನೂರಿಗೆ ಹೋಗಿ ಅತ್ತೆಯ ಪಕ್ಕ ಕೂತು ಓದಿ ಹೇಳಿದೆ. "ಊಟದ್ ವಿಷ್ಯ ತೆಗೆದುಬಿಡ್ಲಾ ಅತ್ತೆ?" ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ಬ್ಯಾಡ, ಇರ್ಲಿ. ಎಲ್ಲಾದ್ರೂ ಒಂದ್ಕಡೆ ಇರ್ಲಿ" ಎಂದರು.

ನಿಮ್ಮ ಬೀದಿಯಲ್ಲೂ ಯಾವ ಮನೆಯ ಮುಂದೆ ದನಿ ನಿಲ್ಲಿಸಬೇಕು ಎಂದು ಗೊತ್ತಿದ್ದವರು ಒಬ್ಬರಾದರೂ ಇದ್ದಿರಬೇಕು. ಅವರ ಬಗ್ಗೆ ಕೆಳಗೆ ನಾಲ್ಕು ಸಾಲು ಬರೆಯಿರಿ, ನಾನು ಒಂದೊಂದನ್ನೂ ಓದುತ್ತೇನೆ. ಹೆಸರು ಬೇಡ. ಬರೆಯುವ ಮುಂಚೆ, ಅವರ ಮನೆಯವರನ್ನು ಒಂದು ಮಾತು ಕೇಳಿ.